ಭಾವನ ಹೈಬ್ರಿಡ್

ರಾವಣ ಗೋಕರ್ಣದ ಕಡಲತಡಿಯಲ್ಲಿ ಆತ್ಮಲಿಂಗವನ್ನು ವಟುವಿನ ಕೈಗೆ ಕೊಟ್ಟದ್ದೇ ತಪ್ಪು. ನಮ್ಮ ಭಾವನ ಕೈಗೆ ಕೊಡಬೇಕಿತ್ತು. ಮೂರು ಸಲ ಕೂಗಿ ನೆಲಕ್ಕಿಡುವ ಅವಸರ ಅವನಿಗಿಲ್ಲ. ಮರಳಲ್ಲಿಟ್ಟರೆ ಹೂತುಹೋದೀತು, ಚೀರೆಕಲ್ಲಿನ ಮೇಲಿಟ್ಟರೆ ಜಾರೀತು, ಇದಕ್ಕಿಂತ ಸಪಾಟಾದ ಜಾಗ ಕುಮಟೆಯಾಚೆ ಇದ್ದರೂ ಇದ್ದೀತು ಎಂದು ವಿಚಾರ ಮಾಡುತ್ತ ಇವತ್ತಿಗೂ ಕೈಯಲ್ಲೇ ಹಿಡಿದು ನಿಂತಿರುತ್ತಿದ್ದ. ಪಂಚಕ್ಷೇತ್ರಗಳೂ ಆಗುತ್ತಿರಲಿಲ್ಲ, ಧಾರೇಶ್ವರದಲ್ಲಿ ಧಾರಾನಾಥನೂ ಇರುತ್ತಿರಲಿಲ್ಲ.

ಭಾವ ಆ ಧಾರಾನಾಥನ ಊರಿನವನೇ. ಕುಮಟೆಯ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಾನೆ. ಮನೆಯಿಂದ ಹೆದ್ದಾರಿಗೆ ಕೆಂಪುಮಣ್ಣಿನ ಓಣಿ. ಅಲ್ಲಿಂದ ಏಳೆಂಟು ಕಿಲೋಮೀಟರ್ 66ನೇ ನಂಬರಿನ ಹೆದ್ದಾರಿ, ಅವನ ಬಾಯಲ್ಲಿ ಇನ್ನೂ ಹಳೇ ನಂಬರು ‘ಸೆವೆಂಟೀನು’. ಸಂಜೆ ಸಮುದ್ರದ ದಂಡೆಗೆ ಒಂದು ಸುತ್ತು. ಮೂರು ವರ್ಷದ ಹಿಂದೆ ಡಾಕ್ಟರು ಸಕ್ಕರೆಯ ಅಂಕಿ ತೋರಿಸಿ, “ದಿನಾ ಸೈಕಲ್ ಹೊಡೀರಿ” ಎಂದರು. ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಭಾವ ಖುಷಿಯಾದ. ಆರಿಸಲು ಒಂದು ವಸ್ತು ಸಿಕ್ಕಿತಲ್ಲ!

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಮಿಕ್ಸರು, ಪಂಪುಸೆಟ್ಟು, ಅಡಿಕೆ ಸುಲಿಯುವ ಯಂತ್ರ, ಯಾವುದೇ ಇರಲಿ, ಕೊಳ್ಳುವುದು ಇವರಿಗೆ ಮುಖ್ಯವಲ್ಲ. ಕೊಂಡರೆ ಮಾತು ಮುಗಿದುಹೋಗುತ್ತದೆ. ಅಕ್ಕನನ್ನು ನೋಡಲು ಬಂದಾಗ ಮಾತ್ರ ಭಾವ ಹತ್ತೇ ನಿಮಿಷದಲ್ಲಿ ಒಪ್ಪಿಬಿಟ್ಟಿದ್ದ. ಆ ಅವಸರಕ್ಕೆ ಈಗ ಪ್ರಾಯಶ್ಚಿತ್ತ ನಡೆದಿದೆ ಎಂಬುದು ಅಕ್ಕನ ವ್ಯಾಖ್ಯಾನ.

ಅವನಪ್ಪನ ಕಾಲದಲ್ಲಿ ಸೈಕಲ್ ಆರಿಸುವುದು ಅರ್ಧ ತಾಸಿನ ಕೆಲಸ. ಕರಿ ಬಣ್ಣದ ಅಟ್ಲಾಸು. ಉದ್ದ ಇದ್ದವನಿಗೆ 24 ಇಂಚು, ಗಿಡ್ಡ ಇದ್ದವನಿಗೆ 22. ಅದೇ ಸೈಕಲ್ಲಿನ ಕ್ಯಾರಿಯರಿಗೆ ತೆಂಗಿನಕಾಯಿ ಚೀಲ ಕಟ್ಟಿ ಗದ್ದೆಯ ಹಾಳಿಯ ಮೇಲೂ ಹೋಗುತ್ತಿದ್ದರು, ಪೇಟೆಗೂ ಹೋಗುತ್ತಿದ್ದರು. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಆಗಲೂ ಯಾವ ಮಗು ಟೈರಿನ ಅಗಲ ಕೇಳಿತು? ಭಾವ ಕೇಳಿದ. ರೇಸಿನ ಸೈಕಲ್ಲಿನ ಸಪೂರ ಟೈರು ಓಣಿಯ ಕಲ್ಲಿಗೆ ಒಡೆಯುತ್ತದೆ, ಎಂಟಿಬಿ ಎಂಬ ಗುಡ್ಡದ ಸೈಕಲ್ಲಿನ ದಪ್ಪ ಗುಬುಟಿನ ಟೈರು ಡಾಂಬರಿನಲ್ಲಿ ಗುಂಯ್ ಎನ್ನುತ್ತ ಕಾಲು ಸೋಲಿಸುತ್ತದೆ, ಎರಡರ ನಡುವಿನದು ಬೇಕು ಎಂದು ತೀರ್ಮಾನಿಸಿ ಒಂದು ರಾತ್ರಿ ಊಟಕ್ಕೆ ಕೂತಾಗ “ಹೈಬ್ರಿಡ್” ಎಂದು ಘೋಷಿಸಿದ.

ಆಯಿ ಮಜ್ಜಿಗೆ ಬಡಿಸುತ್ತಿದ್ದವಳು ಸೌಟು ಎತ್ತಿ ಹಿಡಿದಳು. “ಹೈಬ್ರಿಡ್ ಎಂತಕ್ಕೆ ಮಾರಾಯಾ? ದನದ್ದೂ ಇದೇ ಕತೆ ಆಯ್ದು. ಹಾಲು ಜಾಸ್ತಿ, ರೋಗವೂ ಜಾಸ್ತಿ. ಊರಿಂದೇ ಒಂದು ಕಟ್ಟು.”

ಮಾರನೇ ದಿನದಿಂದ ಅಧ್ಯಯನ. ಫ್ರೇಮಿನ ಅಳತೆಗೆ ಗೋಡೆಗೆ ಬೆನ್ನು ಕೊಟ್ಟು, ಕಾಲ ಸಂದಿನಲ್ಲಿ ದಪ್ಪ ಪುಸ್ತಕವೊಂದನ್ನು ಮೇಲಕ್ಕೊತ್ತಿ, ನೆಲದಿಂದ ಅದರ ತುದಿಗೆ ಟೇಪು ಹಿಡಿಯಬೇಕಂತೆ. ಮನೆಯಲ್ಲಿದ್ದ ದಪ್ಪ ಪುಸ್ತಕವೆಂದರೆ ಗದುಗಿನ ಭಾರತ. ಆಯಿ ಬಿಡಲಿಲ್ಲ. ಕೊನೆಗೆ ಅಟ್ಟದಿಂದ ಹಳೇ ಟೆಲಿಫೋನ್ ಡೈರೆಕ್ಟರಿ ಇಳಿಯಿತು.

ಆಮೇಲೆ 700ಸಿ ಎಂಬ ಗುಟ್ಟು. 700 ಎಂದರೆ ರಿಮ್ಮಿನ ಅಳತೆಯಲ್ಲ. ಟೈರು ಸೇರಿ ಹೆಚ್ಚುಕಡಿಮೆ 700 ಮಿಲಿಮೀಟರ್ ಆಗುತ್ತಿದ್ದ ಕಾಲದಲ್ಲಿ ಫ್ರೆಂಚರು ಇಟ್ಟ ಹೆಸರು, ರಿಮ್ಮು 622. ಇನ್ನು 29 ಇಂಚು ಎನ್ನುವ ಎಂಟಿಬಿಯ ರಿಮ್ಮೂ ಅದೇ 622! ಈ ಅದ್ವೈತ ಗೊತ್ತಾದ ರಾತ್ರಿ ಭಾವ ನಿದ್ದೆ ಮಾಡಲಿಲ್ಲ, ಹನ್ನೊಂದೂವರೆಗೆ ಫೋನು ಮಾಡಿ ನನಗೂ ಮಾಡಗೊಡಲಿಲ್ಲ.

ಅಂಗಡಿಯವರಿಗೆ ಅವನು ಸಿಂಹಸ್ವಪ್ನ. ಹುಬ್ಬಳ್ಳಿಗೆ ಬಸ್ಸು ಹತ್ತಿ ಹೋಗಿ ನಾಲ್ಕು ಅಂಗಡಿ ತಿರುಗಿದ. “ಮುಂದಿನ ಸಸ್ಪೆನ್ಷನ್ ಬೇಕಾ ಬೇಡ್ವಾ?” ಎಂದು ಅವರೇ ಕೇಳುವ ಹಾಗಾಯಿತು. ಬೇಡ, ಏಕೆಂದರೆ ತೂಕ, ಏರಿನಲ್ಲಿ ತುಳಿದ ಶಕ್ತಿ ಅದರ ಕುಣಿತಕ್ಕೇ ಹೋಗುತ್ತದೆ, ಉಪ್ಪುಗಾಳಿಗೆ ಅದರ ಕೊಳವೆ ತುಕ್ಕು ಹಿಡಿಯುತ್ತದೆ. ಬೇಕು, ಏಕೆಂದರೆ ಓಣಿ. ಬ್ರೇಕಿನ ವಿಷಯದಲ್ಲಿ ಮಾತ್ರ ಅವನ ಮಾತು ನನಗೂ ಸರಿ ಕಂಡಿತು: ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವಲ್ಲಿ ರಿಮ್ಮನ್ನು ಹಿಡಿಯುವ ರಬ್ಬರು ಜಾರುತ್ತದೆ, ಕೆಸರು ಮರಳು ಸೇರಿ ರಿಮ್ಮನ್ನೇ ಸವೆಸುತ್ತದೆ. ಡಿಸ್ಕೇ ಸೈ. ಅದರಲ್ಲೂ ಎಣ್ಣೆಯದ್ದು ಬೇಡ, ಕೇಬಲಿನದು. ತುಂಡಾದರೆ ಕುಮಟೆಯಲ್ಲೇ ಹಾಕಿಕೊಡುತ್ತಾರೆ. ಇಷ್ಟೆಲ್ಲ ಹೊಂದಿದ ಸೈಕಲ್ಲು ಒಮ್ಮೆ ಸಿಕ್ಕಿಯೂ ಸಿಕ್ಕಿತು. ಅದಕ್ಕೆ ಮಡ್‌ಗಾರ್ಡ್ ಇರಲಿಲ್ಲ. ಬೇರೆ ಹಾಕಿಕೊಡುತ್ತೇವೆ ಎಂದರು. “ಬಿಳಿ ಅಂಗಿಯ ಬೆನ್ನಿಗೆ ಕೆಂಪು ನಾಮ ಎಳೆಸಿಕೊಂಡು ಸೊಸೈಟಿಗೆ ಹೋಗೋದಾ?” ಎಂದು ಕೇಳಿ ಬಸ್ಸು ಹತ್ತಿದ.

ಇಷ್ಟರಲ್ಲಿ ಅವನ ಖ್ಯಾತಿ ಹಬ್ಬಿತ್ತು. ಹೈಸ್ಕೂಲ್ ಮಾಸ್ತರರು ಬಂದು ಕೇಳಿದರು, 35ರ ಟೈರಿನದು ಕೊಡಿಸಿದ. ಬೆಂಗಳೂರಿನ ಕೆಲಸವನ್ನು ಮನೆಯಲ್ಲೇ ಕೂತು ಮಾಡುವ ಕಂಪ್ಯೂಟರ್ ಮಾಣಿಗೆ 29 ಇಂಚಿನದು. ಮೆಡಿಕಲ್ ಶಾಪಿನವರಿಗೆ 38ರ ಟೈರು, 21 ಗೇರು. ನಿವೃತ್ತ ಪೋಸ್ಟ್ ಮಾಸ್ತರರಿಗೆ ಗೇರೇ ಇಲ್ಲದ, ಮಡ್‌ಗಾರ್ಡು ಕ್ಯಾರಿಯರು ಎರಡೂ ಇರುವ ಸಾಧು ಸೈಕಲ್ಲು. ಎಲ್ಲರೂ ಎರಡು ತಿಂಗಳು ಉತ್ಸಾಹದಿಂದ ಹೊಡೆದರು. ಮೊದಲ ಮಳೆ ಬಿತ್ತು. ಮಾಸ್ತರರ ಹ್ಯಾಂಡಲಿನ ಮೇಲೆ ಪಂಚೆ ಒಣಗತೊಡಗಿತು.

“ನಿನ್ನ ಮಾತು ಕೇಳಿ ದುಡ್ಡು ಹಾಳಾಯ್ತಲ್ಲೋ” ಎಂದರೆ ಭಾವನಿಗೆ ಕಿಂಚಿತ್ತೂ ಬೇಸರವಿಲ್ಲ. “ಆರಿಸೋದು ನನ್ನ ಜವಾಬ್ದಾರಿ. ಹೊಡೆಯೋದೂ ನಾನೇಯಾ?”

ನಾನೂ ಹಾಗೇ ಚೇಷ್ಟೆ ಮಾಡುತ್ತಿದ್ದೆ, ಈ ದೀಪಾವಳಿಗೆ ಹಳದೀಪುರದಿಂದ ಅಕ್ಕನ ಮನೆಗೆ ಹೋಗುವವರೆಗೆ. ಭಾವನ ಹೊಟ್ಟೆ ಕರಗಿತ್ತು. ಸಕ್ಕರೆಯೂ ಇಳಿದಿದೆ ಎಂದಳು ಅಕ್ಕ. ಸೈಕಲ್ ತಗೊಂಡನೇ ಎಂದು ಅಂಗಳವೆಲ್ಲ ನೋಡಿದೆ. ಇಲ್ಲ. ಗೋಡೆಯ ಮೊಳೆಗೆ ಬೀಗದ ಕೈಗಳ ಗೊಂಚಲು ತೂಗುತ್ತಿತ್ತು, ನಾಲ್ಕು.

“ಅದು ಸೈಕಲ್ಲಿಂದು,” ಎಂದ ಭಾವ. “ನಿಂತರೆ ಹಾಳಾಗ್ತು ಹೇಳಿ ಅವರೇ ಕೊಟ್ಟಿದ್ದು. ನಾನು ಪರೀಕ್ಷೆ ಮಾಡ್ತಾ ಇದ್ದೆ.”

ಪರೀಕ್ಷೆ ಒಂದೂವರೆ ವರ್ಷದಿಂದ ನಡೆದಿದೆ. ಬೇಸಿಗೆಯಲ್ಲಿ ಕುಮಟೆಗೆ ಮಾಸ್ತರರದ್ದು. ಮಳೆಗಾಲಕ್ಕೆ ಪೋಸ್ಟ್ ಮಾಸ್ತರರದ್ದು. ಓಣಿ, ಗುಡ್ಡಕ್ಕೆ ಮಾಣಿಯದ್ದು. ಸಂಜೆ ನೀರಿಳಿದಾಗ ಹಸಿ ಮರಳು ಡಾಂಬರಿನಷ್ಟು ಗಟ್ಟಿ ಇರುತ್ತದೆ, ಆಗ ಗಾಳಿ ಸ್ವಲ್ಪ ಬಿಟ್ಟು ಮೆಡಿಕಲ್ ಶಾಪಿನದು. ಕಡಲ ನೀರು ತಾಗಿದ ದಿನ ಸಿಹಿನೀರಲ್ಲಿ ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಅವರವರ ಜಗಲಿಗೆ ಒಪ್ಪಿಸಿ ಬರುತ್ತಾನೆ. ಇಡೀ ಧಾರೇಶ್ವರದಲ್ಲಿ ದಿನಾ ಸೈಕಲ್ ಹೊಡೆಯುವ ನಡುವಯಸ್ಸಿನವನೆಂದರೆ ಸೈಕಲ್ ಇಲ್ಲದ ನಮ್ಮ ಭಾವ ಒಬ್ಬನೇ.

“ಹಾಗಾದ್ರೆ ಯಾವುದು ತಗೊಳ್ಳೋದು ಅಂತ ಗೊತ್ತಾಯ್ತಲ್ಲ ಭಾವ?”

“ಎಲ್ಲಿ ತಮಾ! ಒಣ ಮರಳಿನ ಅಂಚಿಗೆ 38ರದ್ದು ಹೂಳ್ತು. 40ರ ಟೈರಿಂದು ಊರಲ್ಲಿ ಒಂದೂ ಇಲ್ಲೆ.” ಒಂದು ಕ್ಷಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ನಿಂಗೂ ಹೊಟ್ಟೆ ಬಂತಲ್ಲ.”

ಎದ್ದು ಒಳಗೆ ಹೋದವನು ಡೈರೆಕ್ಟರಿ, ಟೇಪು ತಂದ. ಗೋಡೆಗೆ ನಿಲ್ಲಿಸಿದ. ಅಕ್ಕ ನಗು ತಡೆಯಲಾರದೆ ಅಡಿಗೆಮನೆಗೆ ಹೋದಳು. ಎರಡು ಸಲ ಅಳೆದು ಕನ್ನಡಕ ತೆಗೆದ.

“ಹತ್ತೊಂಬತ್ತು ಇಂಚಿನ ಫ್ರೇಮು,” ಎಂದ ಭಾವ, ಬಹಳ ಸಮಾಧಾನದಿಂದ. “ನಂದೂ ಅದೇಯಾ.”