ಪಾರ್ಕಿನ ಅನ್ನದಾತರು

ಬೆಂಗಳೂರಿನ ಯಾವ ಹಳೆಯ ಬಡಾವಣೆಯ ಪಾರ್ಕಿಗೆ ಹೋದರೂ ಬೆಳಗಿನ ಆರು ಗಂಟೆಗೆ ಈ ಮಹನೀಯರು ಸಿಗುತ್ತಾರೆ. ನಿವೃತ್ತರು. ತಲೆಗೆ ಮಂಕಿ ಕ್ಯಾಪು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಕೈಯಲ್ಲಿ ಸೀರೆ ಅಂಗಡಿಯವರು ಕೊಟ್ಟ ಬಟ್ಟೆಚೀಲ. ಚೀಲದೊಳಗೆ ಪಾರಿವಾಳಕ್ಕೆ ಜೋಳ, ಅಳಿಲಿಗೆ ಕಡಲೆಬೀಜ, ಇರುವೆಗೆ ಸಕ್ಕರೆ ಬೆರೆಸಿದ ರವೆ, ನಾಯಿಗೆ ಗ್ಲೂಕೋಸ್ ಬಿಸ್ಕತ್ತು. ರಾತ್ರಿ ಉಳಿದ ಚಪಾತಿ ಇದ್ದರೆ ಅದು ಯಾವ ಪ್ರಾಣಿಗೆಂದು ಅವರೇ ಇನ್ನೂ ತೀರ್ಮಾನಿಸಿರುವುದಿಲ್ಲ. ಒಟ್ಟಿನಲ್ಲಿ ಅನ್ನ ಬಿಸಾಡಬಾರದು, ಅಷ್ಟೆ. ಎಲ್ಲವನ್ನೂ ಹಂಚಿ ಮುಗಿಸಿ, ದಾನಿಗಳ ಹೆಸರು ಕೆತ್ತಿದ ಕಲ್ಲುಬೆಂಚಿನ ಮೇಲೆ ಕೂತು, ಜೇಬಿನಿಂದ ಪೆನ್ನು ತೆಗೆದು ಪಾಲಿಕೆಗೆ ಅರ್ಜಿ ಬರೆಯುತ್ತಾರೆ: ಪಾರ್ಕಿನಲ್ಲಿ ಹೆಗ್ಗಣಗಳ ಹಾವಳಿ ವಿಪರೀತವಾಗಿದೆ, ಮಾನ್ಯರು ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ. ಆ ಚೀಲಕ್ಕೂ ಈ ಅರ್ಜಿಗೂ ನೇರ ಸಂಬಂಧವಿದೆ ಎಂಬುದು ನನ್ನ ವಾದ. ಇಲ್ಲ ಎಂಬುದರ ಮೇಲೆಯೇ ಅವರ ದಿನಚರಿ ನಿಂತಿದೆ.

ಹೆಗ್ಗಣ ಒಂದು ಜಾಗದಲ್ಲಿ ಬೀಡು ಬಿಡಬೇಕಾದರೆ ಅಗೆಯಲು ಮೆತ್ತನೆಯ ಮಣ್ಣು ಬೇಕು, ನೀರು ಬೇಕು, ಕಾಳು ಬೇಕು. ಮಣ್ಣು, ನೀರು ಇಲ್ಲದೆ ಪಾರ್ಕು ಪಾರ್ಕಾಗುವುದಿಲ್ಲವಾದ್ದರಿಂದ ಆ ಎರಡನ್ನು ಪಾಲಿಕೆಯ ಲೆಕ್ಕಕ್ಕೆ ಬರೆಯೋಣ. ಮೂರನೆಯದು ಮಾತ್ರ ಸಂಪೂರ್ಣ ಖಾಸಗಿ ಬಂಡವಾಳ. ಬಿಲಗಳು ಎಲ್ಲಿವೆ ಎಂದು ಒಮ್ಮೆ ಬಗ್ಗಿ ನೋಡಿದರೆ ಸಾಕು. ಪಾರಿವಾಳದ ಕಟ್ಟೆಯ ಹಿಂದಿನ ಬೇಲಿಗಿಡದ ಬುಡದಲ್ಲಿ, ಬಾಯಿಯ ಬಳಿ ಪುಡಿಪುಡಿ ಹಸಿ ಮಣ್ಣಿನ ಗುಡ್ಡೆ. ಯಾರೂ ಕಾಳು ಹಾಕದ ಮೂಲೆಯಲ್ಲಿ ಅಂಥದ್ದು ಹುಡುಕಿದರೂ ಸಿಗುವುದು ಕಷ್ಟ. ಹೆಗ್ಗಣ ಸಿಕ್ಕಿದ್ದನ್ನೆಲ್ಲ ಅಲ್ಲೇ ತಿಂದು ಏಳುವ ಜಾತಿಯೂ ಅಲ್ಲ. ಒಳಗೆ ಕೋಣೆ ಮಾಡಿ ಧಾನ್ಯ ಕೂಡಿಡುತ್ತದೆ. ತಮಿಳುನಾಡಿನ ಇರುಳ ಬುಡಕಟ್ಟಿನವರು ಗದ್ದೆಯ ಬಿಲ ಅಗೆದು ಆ ದಾಸ್ತಾನನ್ನು ವಾಪಸ್ ತೆಗೆಯುವುದರಲ್ಲಿ ಹೆಸರಾದವರು. ಒಂದು ಇಲಿಗೆ ದಿನಕ್ಕೆ ಹೆಚ್ಚೆಂದರೆ 25-30 ಗ್ರಾಂ ಆಹಾರ ಸಾಕು. ಅಂದಮೇಲೆ ಒಂದು ಕೆಜಿ ಜೋಳ ಮೂವತ್ತಕ್ಕೂ ಹೆಚ್ಚು ಫಲಾನುಭವಿಗಳಿಗೆ ಒಂದು ದಿನದ ಪಡಿತರವಾಯಿತು, ಅದೂ ರೇಷನ್ ಕಾರ್ಡು ಕೇಳದೆ. ಗರ್ಭದ ಅವಧಿ ಸುಮಾರು ಮೂರು ವಾರ. ಅರ್ಜಿ ಟಪಾಲು ವಿಭಾಗದಿಂದ ಮೇಲಿನ ಟೇಬಲ್ಲಿಗೆ ಏರುವಷ್ಟರಲ್ಲಿ ಅರ್ಜಿಯಲ್ಲಿ ಬರೆದ ಸಂಖ್ಯೆ ತಪ್ಪಾಗಿರುತ್ತದೆ.

‘ಹಾಕಿದ್ದನ್ನೆಲ್ಲ ಪಾರಿವಾಳ ತಿಂದು ಖಾಲಿ ಮಾಡುತ್ತೆ ಕಣ್ರೀ’ ಎಂಬುದು ಅವರ ಮೊದಲ ಉತ್ತರ. ಪಾರಿವಾಳ ಕತ್ತಲಾಗುವ ಮುನ್ನ ಗೂಡು ಸೇರುತ್ತದೆ. ಹುಲ್ಲಿನ ಸಂದಿಯಲ್ಲಿ, ಕಲ್ಲಿನ ಬಿರುಕಿನಲ್ಲಿ ಉಳಿದದ್ದು ರಾತ್ರಿ ಪಾಳಿಯವರಿಗೆ. ‘ಇವೆಲ್ಲ ಮೋರಿಯಿಂದ ಬರೋದು’ ಎಂಬುದು ಎರಡನೆಯದು. ಇದರಲ್ಲಿ ಸತ್ಯವಿದೆ. ರಾಜಕಾಲುವೆ ಪಕ್ಕದ ಪಾರ್ಕಿಗೆ ಹೆಗ್ಗಣ ನೆರೆಯವರೇ. ಗೇಟಿನ ಬಳಿ ಮುಚ್ಚಳವಿಲ್ಲದ ತೊಟ್ಟಿಯಲ್ಲಿ ಪುಳಿಯೋಗರೆಯ ದೊನ್ನೆ ರಾಶಿ ಬಿದ್ದಿದ್ದರೆ ತಪ್ಪು ಪಾಲಿಕೆಯದೂ ಹೌದು. ಆದರೆ ಮೋರಿಯಿಂದ ಬಂದದ್ದು ಪಾರ್ಕಿನಲ್ಲಿ ಸಂಸಾರ ಹೂಡಬೇಕಾದರೆ ಅಲ್ಲಿ ಯಾರೋ ಊಟಕ್ಕೆ ಎಬ್ಬಿಸುತ್ತಿರಬೇಕು. ‘ನಮ್ಮ ಕಾಲದಲ್ಲಿ ಇಷ್ಟು ಇಲಿ ಎಲ್ಲಿತ್ತು?’ ಎಂದೂ ಕೇಳುತ್ತಾರೆ. ಅವರದು ಮಲ್ಲೇಶ್ವರವೋ ಬಸವನಗುಡಿಯೋ ಆಗಿದ್ದರೆ ಈ ಪ್ರಶ್ನೆ ಕೇಳದಿರುವುದು ಕ್ಷೇಮ. 1898ರ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟ ಜನ ಬಂದು ಸೇರಿಯೇ ಆ ಬಡಾವಣೆಗಳು ಬೆಳೆದದ್ದು. ಅವರ ಸೈಟಿನ ಮೂಲ ಪತ್ರದಲ್ಲಿ ಇಲಿಯ ಸಹಿಯೂ ಇರಬೇಕಿತ್ತು.

ಇನ್ನು ಅವರ ಪರಿಹಾರಗಳು. ವಿಷ ಇಡಿಸಿ ಎನ್ನುತ್ತಾರೆ. ಜೀವದಯೆಯ ಚೀಲ ಹಿಡಿದವರ ಬಾಯಲ್ಲಿ ಈ ಮಾತು ಸಲೀಸಾಗಿ ಬರುತ್ತದೆ; ಅವರ ದಯೆ ನಾಲ್ಕು ಕಾಲಿನಲ್ಲಿ ಅಳಿಲಿನವರೆಗೆ ಬಂದು ನಿಂತುಬಿಡುತ್ತದೆ. 1940ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವಿಜ್ಞಾನಿಗಳು ಕಂಡುಕೊಂಡದ್ದು ಇಷ್ಟು: ವಿಷವಿಟ್ಟರೆ ಇಲಿಗಳು ಕಡಿಮೆಯಾಗುತ್ತವೆ, ಆಹಾರ ಹಾಗೇ ಇದ್ದರೆ ಮತ್ತೆ ಮೊದಲಿನಷ್ಟೇ ಆಗುತ್ತವೆ, ಕಸ, ಕೂಳು ತೆಗೆದರೆ ಮಾತ್ರ ಕಡಿಮೆಯಾದದ್ದು ಕಡಿಮೆಯಾಗಿಯೇ ಉಳಿಯುತ್ತದೆ. ವಿಷ ತಿಂದ ಇಲಿಯನ್ನು ತಿಂದವರ ಗತಿ ಬೇರೆ. ನ್ಯೂಯಾರ್ಕಿನ ಮೃಗಾಲಯದಿಂದ 2023ರಲ್ಲಿ ತಪ್ಪಿಸಿಕೊಂಡು ಸೆಂಟ್ರಲ್ ಪಾರ್ಕಿನಲ್ಲಿ ಇಲಿ ಹಿಡಿದು ಬದುಕಿದ್ದ ಫ್ಲಾಕೋ ಎಂಬ ಗೂಬೆ ಮರುವರ್ಷ ಸತ್ತಾಗ, ಅದರ ದೇಹದಲ್ಲಿ ನಾಲ್ಕು ಬಗೆಯ ಇಲಿಪಾಷಾಣ ಸಿಕ್ಕಿತು. ಇಲಿ ಹಿಡಿಯಲು ಸಂಬಳ ಕೇಳದ ಏಕೈಕ ನೌಕರನ ಮೈಗೂ ಹೀಗೆ ವಿಷ ಸೇರಿತ್ತು. ಹಾಗಾದರೆ ಬೆಕ್ಕು? ಅದೇ ನಗರದ ಒಂದು ಕಸ ವಿಂಗಡಣೆ ಘಟಕದಲ್ಲಿ ಕ್ಯಾಮೆರಾ ಇಟ್ಟು 79 ದಿನ ಕಾದವರಿಗೆ, ಬೆಕ್ಕುಗಳು ಕೊಂದದ್ದಾಗಿ ಸಿಕ್ಕ ಲೆಕ್ಕ ಎರಡು ಇಲಿ. ಬೆಕ್ಕಿಗೆ ಗಂಟೆ ಕಟ್ಟುವ ಚಿಂತೆಯನ್ನು ಇಲಿಗಳು ಎಂದೋ ಬಿಟ್ಟಿರಬೇಕು. ಗಣೇಶನ ವಾಹನವಲ್ಲವೇ, ಹೇಗೆ ಕೊಲ್ಲುವುದು ಎನ್ನುವವರೂ ಇದ್ದಾರೆ. ಕೊಲ್ಲಬೇಡಿ, ಕಾಳು ಹಾಕುವುದು ನಿಲ್ಲಿಸಿದರೆ ಕೊಲ್ಲುವ ಪ್ರಮೇಯವೇ ಬರುವುದಿಲ್ಲ.

ನಿಲ್ಲಿಸುವುದು ಹೇಗೆ ಎಂಬಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. 2025ರಲ್ಲಿ ಮುಂಬೈ ಪಾಲಿಕೆ ದಾದರಿನಲ್ಲಿ ಪಾರಿವಾಳಕ್ಕೆ ಕಾಳು ಹಾಕುವ ಕಬೂತರ್‌ಖಾನೆಯನ್ನು ತಾಡಪಾಲು ಹೊದಿಸಿ ಮುಚ್ಚಿದಾಗ ಜನ ನುಗ್ಗಿ ಅದನ್ನು ಕಿತ್ತೆಸೆದರು. ಪುಣ್ಯಕ್ಕೆ ಅಡ್ಡ ಬಂದ ಬೋರ್ಡು, ದಂಡ ಯಾವುದೂ ನಿಲ್ಲುವುದಿಲ್ಲ. ಆದರೆ ನಮ್ಮ ಮಹನೀಯರಲ್ಲಿ ಪುಣ್ಯದ ಆಸೆಗಿಂತ ಬಲವಾದ ಇನ್ನೊಂದು ಗುಣವಿದೆ: ಬೇರೆಯವರ ತಪ್ಪನ್ನು ಅವರು ಸಹಿಸಲಾರರು. ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತುಬಿದ್ದರೂ ಪಕ್ಕದವರ ಎಲೆಯ ನೊಣ ಅವರ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಪ್ರತಿ ಪಾರ್ಕಿಗೂ ಇಂಥವರು ಒಬ್ಬರಿದ್ದರೆ ಸಾಲದು, ಇಬ್ಬರು ಬೇಕು; ಇಬ್ಬರಿಗೂ ಮಾತುಕತೆ ನಿಂತಿರಬೇಕು. ವಾಕರ್ಸ್ ಸಂಘದ ಚುನಾವಣೆ ಒಮ್ಮೆ ನಡೆದರೆ ಇದು ತಾನಾಗಿ ಆಗುತ್ತದೆ. ಆಮೇಲೆ ಪಾಲಿಕೆ ಇಬ್ಬರಿಗೂ ಮೂಷಿಕ ನಿಯಂತ್ರಣ ಉಪಸಮಿತಿಯ ಅಧ್ಯಕ್ಷರೆಂದು ಬ್ಯಾಡ್ಜು ಕೊಟ್ಟು, ಒಬ್ಬರಿಗೆ ಪೂರ್ವದ ಗೇಟು, ಇನ್ನೊಬ್ಬರಿಗೆ ಪಶ್ಚಿಮದ ಗೇಟು ವಹಿಸಿದರೆ ಆಯಿತು. ಇವರ ಚೀಲ ಅವರು ತಡೆಯುತ್ತಾರೆ, ಅವರ ಚೀಲ ಇವರು. ಖರ್ಚು ಎರಡು ಬ್ಯಾಡ್ಜು ಮತ್ತು ಒಂದು ಸೀಟಿ. ಸೀಟಿ ಒಂದೇ ಕೊಡಬೇಕು. ಅದು ಯಾರ ಬಳಿ ಇರಬೇಕೆಂಬ ಜಗಳ ಇತ್ಯರ್ಥವಾಗುವ ತನಕ ಒಂದು ಕಾಳೂ ಒಳಗೆ ಹೋಗುವುದಿಲ್ಲ.