ಸಂತೆ ಇಳಿಯುವ ಹೊತ್ತು

ನಮ್ಮೂರಿನ ಹೆಸರೇ ಒಂದು ಕ್ಯಾಲೆಂಡರ್. ಶನಿವಾರ ಸಂತೆ ಕೂಡುವ ಊರು ಶನಿವಾರಸಂತೆ. ಸೋಮವಾರವನ್ನು ಸೋಮವಾರಪೇಟೆಯವರು ಮೊದಲೇ ಹಿಡಿದುಕೊಂಡಿದ್ದರು. ಕೊಡಗಿನ ಈ ಉತ್ತರದ ಮೂಲೆಯಲ್ಲಿ ಹುಟ್ಟಿದವನಿಗೆ ಇವತ್ತು ಯಾವ ವಾರ ಅನ್ನುವುದು ಮರೆಯಬಾರದು. ನನಗೆ ಮಾತ್ರ ಮರೆಯುತ್ತದೆ. ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಯಂತ್ರ ಕೆಟ್ಟರೆ ಹೋಗಿ ಸರಿಮಾಡುವುದು ನನ್ನ ಕೆಲಸ. ಯಂತ್ರಕ್ಕೆ ಭಾನುವಾರವೂ ಇಲ್ಲ, ಯುಗಾದಿಯೂ ಇಲ್ಲ. ಹಾಗಾಗಿ ತಿಂಗಳಲ್ಲಿ ಇಪ್ಪತ್ತು ದಿನ ರಾಯಚೂರು, ಬಳ್ಳಾರಿ, ಹುಬ್ಬಳ್ಳಿ ಅಂತ ಬಸ್ಸಿಳಿದು ಬಸ್ಸು ಹತ್ತುತ್ತಿರುತ್ತೇನೆ. ಕೊಡಗಿಗೆ ರೈಲು ಬಂದೇ ಇಲ್ಲ. ಹಾಸನದವರೆಗೆ ಹೇಗೋ ಬಂದು, ಅಲ್ಲಿಂದ ಅರಕಲಗೂಡು, ಕೊಡ್ಲಿಪೇಟೆ ದಾಟಿ ಮನೆ ಮುಟ್ಟುವಾಗ ಸೊಂಟ ಯಾವುದು, ಸೀಟು ಯಾವುದು ಅಂತ ಗೊತ್ತಾಗದ ಸ್ಥಿತಿ.

ಇನ್ನೊಂದು ವಿಷಯ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಲವತ್ತರ ಹತ್ತಿರ ಬಂದಿದ್ದರೂ ನಾನು ಕಂಪ್ಯೂಟರ್ ಗೇಮ್ ಆಡುತ್ತೇನೆ. ನಮ್ಮ ಕಡೆ ಈ ವಯಸ್ಸಿನ ಗಂಡಸಿಗೆ ಇಸ್ಪೀಟು ಮಾಫಿ, ಕ್ರಿಕೆಟ್ ಮಾಫಿ, ರಾಜಕೀಯವಂತೂ ಕಡ್ಡಾಯ. ಗೇಮ್ ಅಂದರೆ ಮಾತ್ರ ಜನ ನನ್ನ ಅಮ್ಮನ ಕಡೆ ತಿರುಗಿ ಕನಿಕರದಿಂದ ನೋಡುತ್ತಾರೆ. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಸಂಸತ್ತಿನಲ್ಲಿ ಪಾಸಾದಾಗ ಅಮ್ಮ ಟೀವಿ ನೋಡಿ ನನಗೆ ಫೋನ್ ಮಾಡಿದ್ದರು. "ನಿಂದೂ ಬಂದ್ ಆಯ್ತೇನೋ?" ನನ್ನದು ದುಡ್ಡು ಗೆಲ್ಲುವ ಆಟ ಅಲ್ಲಮ್ಮ ಅಂದೆ. "ಅಯ್ಯೋ, ಅದೂ ಇಲ್ವಾ?" ಅಂದರು.

ಊರೂರು ತಿರುಗುವವನು ಪಿಸಿ ಗೇಮ್ ಆಡಬೇಕಾದರೆ ಪಿಸಿಯೂ ತಿರುಗಬೇಕು. ನನ್ನ ಗೇಮಿಂಗ್ ಲ್ಯಾಪ್‌ಟಾಪ್ ಎರಡೂವರೆ ಕಿಲೋ. ಅದರ ಚಾರ್ಜರ್ ಹತ್ತಿರ ಹತ್ತಿರ ಇನ್ನೊಂದು ಕಿಲೋ. ಅದನ್ನು ಇಟ್ಟಿಗೆ ಅಂತ ಕರೆಯುವುದು ತಮಾಷೆಗಲ್ಲ; ಕಾಫಿ ಕಣದಲ್ಲಿ ಟಾರ್ಪಾಲು ಗಾಳಿಗೆ ಹಾರದ ಹಾಗೆ ಅಪ್ಪ ಒಮ್ಮೆ ಅದನ್ನೇ ತಂದು ಇಟ್ಟಿದ್ದರು. ವಿಮಾನದಲ್ಲಿ ಹೋಗುವ ಭಾಗ್ಯ ಬಂದಾಗ ಇನ್ನೊಂದು ಪೇಚು. ಪ್ರಯಾಣಿಕರು ಒಯ್ಯುವ ಬ್ಯಾಟರಿಗೆ ಸಾಮಾನ್ಯವಾಗಿ 100 ವ್ಯಾಟ್‌-ಅವರ್ ಮಿತಿ, ಲ್ಯಾಪ್‌ಟಾಪ್ ಕಂಪನಿಗಳು 99ಕ್ಕೇ ನಿಲ್ಲಿಸುವುದು ಅದಕ್ಕೇ. ಆದರೆ ದೊಡ್ಡ ಗೇಮ್ ತೆರೆದರೆ ಆ 99 ಒಂದು ಗಂಟೆಗೇ ಉಸ್ಸೆನ್ನುತ್ತದೆ. ಅಂದರೆ ಚಾರ್ಜರ್ ಇಲ್ಲದೆ ಲ್ಯಾಪ್‌ಟಾಪ್ ಇಲ್ಲ, ಪ್ಲಗ್ ಇಲ್ಲದೆ ಚಾರ್ಜರ್ ಇಲ್ಲ, ಮತ್ತು ನಾನು ಇಳಿದುಕೊಳ್ಳುವ ದರ್ಜೆಯ ಲಾಡ್ಜುಗಳಲ್ಲಿ ಪ್ಲಗ್ ಇರುವುದು ಟೀವಿಯ ಬೆನ್ನಿನಲ್ಲಿ, ಆಳೆತ್ತರದಲ್ಲಿ. ನಿಂತುಕೊಂಡು ಗೇಮ್ ಆಡಿದ್ದೇನೆ. ಮಂಚದ ಮೇಲೆ ಸೂಟ್‌ಕೇಸ್, ಸೂಟ್‌ಕೇಸಿನ ಮೇಲೆ ಲ್ಯಾಪ್‌ಟಾಪ್, ಎದುರು ಬನಿಯನ್ನಿನಲ್ಲಿ ನಾನು, ಕೈಯಲ್ಲಿ ಕತ್ತಿ. ಕತ್ತಿ ಸ್ಕ್ರೀನಿನಲ್ಲಿ.

ಇದಕ್ಕಿಂತ ದೊಡ್ಡ ಸಂಕಟ ಡೌನ್‌ಲೋಡಿನದು. 2019ರ ನವೆಂಬರ್‌ನಲ್ಲಿ ರೆಡ್ ಡೆಡ್ ರಿಡೆಂಪ್ಷನ್ 2 ಪಿಸಿಗೆ ಬಂತು. ಕುದುರೆ ಏರಿ ಕಾಡುಮೇಡು ಅಲೆಯುವ ದರೋಡೆಕೋರನ ಕಥೆ. ಜಾಗ 150 ಜಿಬಿ ಬೇಕು ಅಂದರು. ನನ್ನ ಮೊಬೈಲ್ ಪ್ಯಾಕ್ ದಿನಕ್ಕೆ 2 ಜಿಬಿ. ಅಮ್ಮನಿಗೆ ವಾಟ್ಸ್ಯಾಪಿನಲ್ಲಿ ಒಂದು ಗುಡ್ ಮಾರ್ನಿಂಗೂ ಕಳಿಸದೆ ಉಳಿತಾಯ ಮಾಡಿದರೂ 75 ದಿನ. ಲಾಡ್ಜಿನ ವೈಫೈ ಪುಣ್ಯಕ್ಕೆ 10 ಎಂಬಿಪಿಎಸ್ ಕೊಟ್ಟರೆ 33 ಗಂಟೆ. ಆದರೆ ಚೆಕ್‌ಔಟ್ 24 ಗಂಟೆಗೆ. ಮನೆಯಲ್ಲಿ ಹಾಕಿ ಬಿಡೋಣವೆಂದರೆ ಮಳೆಗಾಲದಲ್ಲಿ ನಮ್ಮ ಕಡೆ ಸಿಲ್ವರ್ ಓಕ್ ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಮೂರು ದಿನಕ್ಕೆ ಬಂದರೂ ಬೇಗ ಬಂತು ಅನ್ನುವುದು ವಾಡಿಕೆ. ಕೊನೆಗೆ ಬೆಂಗಳೂರಿನ ಗೆಳೆಯನ ಮನೆಯಲ್ಲಿ ಒಂದು ರಾತ್ರಿ ಉಳಿದು ಇಳಿಸಿಕೊಂಡೆ. ಅವನ ಹೆಂಡತಿ ಕೇಳಿದಾಗ ಕಿಡ್ನಿ ಯಂತ್ರದ ಸಾಫ್ಟ್‌ವೇರ್ ಅಂತ ಅವನು ಹೇಳಿದ. ನಾನು ಬಾಯಿ ಬಿಡಲಿಲ್ಲ. ಊರಿಗೆ ಬಂದು ತೆರೆದರೆ, ಮೊದಲು ಅಪ್‌ಡೇಟ್ ಹಾಕಿ ಅಂತ ನಿಂತಿತು.

ಚಿಕ್ಕಂದಿನಲ್ಲಿ ಈ ತಾಪತ್ರಯ ಇರಲಿಲ್ಲ. ರಜೆಯಲ್ಲಿ ಸೋಮವಾರಪೇಟೆಗೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಡಾಸ್ ಕಲಿಸುತ್ತೇವೆ ಅಂದಿದ್ದರು, ನಾವು ಕಲಿತದ್ದು ಡೇವ್. ಜಾನ್ ರೊಮೇರೋ ಅನ್ನುವವನು ಮಾಡಿದ ಡೇಂಜರಸ್ ಡೇವ್ ಒಂದು ಫ್ಲಾಪಿಯಲ್ಲಿ ಕೂತು ಇನ್ನೂ ಜಾಗ ಉಳಿಸುತ್ತಿತ್ತು. ಕಪ್ ಎತ್ತಿಕೊಂಡರೆ ಬಾಗಿಲು ತೆರೆಯುತ್ತದೆ, ಮುಂದಿನ ಮನೆ. ಫ್ಲಾಪಿ ಅಂಗಿಯ ಜೇಬಿನಲ್ಲಿ ಹಿಡಿಯುತ್ತಿತ್ತು. ಈಗಿನ ಆಟ ಬ್ಯಾಗಿನಲ್ಲಿ ಹಿಡಿದರೂ ಬದುಕಿನಲ್ಲಿ ಹಿಡಿಯುತ್ತಿಲ್ಲ.

ಹೊಸ ಆಟಗಳ ಜೊತೆ ಹೆಜ್ಜೆ ಹಾಕುವುದನ್ನು ನಾನು ಬಿಟ್ಟದ್ದು ಹಾಗೆ. ಬಿಟ್ಟ ಮೇಲೆ ಒಂದು ಸತ್ಯ ಹೊಳೆಯಿತು. ಅದು ಹೊಳೆದದ್ದೂ ಸಂತೆಯಲ್ಲೇ.

ಶನಿವಾರ ಬೆಳಗ್ಗೆ ಹತ್ತಕ್ಕೆ ಸಂತೆಗೆ ಹೋಗುವವರು ಉದ್ಯೋಗಸ್ಥರು, ಹೊಸದಾಗಿ ಮದುವೆಯಾದವರು. ಹೊಳೆಯುವ ಟೊಮೆಟೊ, ಬೆಲೆಯೂ ಹೊಳೆಯುತ್ತದೆ. ಅಮ್ಮ ಹೋಗುವುದು ಐದೂವರೆಗೆ, ಸಂತೆ ಇಳಿಯುವ ಹೊತ್ತಿಗೆ. ಮಾರುವವರು ಆಗಲೇ ಟಾರ್ಪಾಲಿನ ಹಗ್ಗ ಬಿಚ್ಚುತ್ತಿರುತ್ತಾರೆ. ಉಳಿದದ್ದನ್ನು ಮತ್ತೆ ಗಾಡಿಗೆ ಹೇರಿ ಇನ್ನೊಂದು ಊರಿನ ಸಂತೆಗೆ ಒಯ್ಯುವುದಕ್ಕಿಂತ ಇಲ್ಲೇ ಕೊಟ್ಟು ಹೋಗೋಣ ಅನ್ನುವ ಮನಸ್ಸು. "ಬಾರಮ್ಮ, ಗುಡ್ಡೆ ಇಪ್ಪತ್ತು, ತಗೊಂಡ್ಹೋಗು." ಕೊಳೆತದ್ದನ್ನು ಬೆಳಗಿನವರು ಹೇಗೂ ಆರಿಸಿ ಪಕ್ಕಕ್ಕೆ ಎಸೆದಿರುತ್ತಾರೆ. ಅಮ್ಮ ಮಿಕ್ಕದ್ದರಲ್ಲಿ ಒಳ್ಳೆಯದನ್ನು ಅರ್ಧ ಬೆಲೆಗೆ ತರುತ್ತಾರೆ.

ಗೇಮಿನ ಪೇಟೆಯೂ ಹೀಗೇ. ಸೈಬರ್‌ಪಂಕ್ 2077 ಬಂದದ್ದು 2020ರ ಡಿಸೆಂಬರ್‌ನಲ್ಲಿ. ಮೊದಲ ದಿನವೇ ಕೊಂಡವರು ಎಷ್ಟು ಶಾಪ ಹಾಕಿದರೆಂದರೆ, ಸೋನಿಯವರು ಅದನ್ನು ತಮ್ಮ ಅಂಗಡಿಯಿಂದಲೇ ಕೆಲವು ತಿಂಗಳು ತೆಗೆದಿಟ್ಟರು. ರಿಪೇರಿ ಮಾಡುತ್ತಾ ಮಾಡುತ್ತಾ 2023ರ ಸೆಪ್ಟೆಂಬರ್‌ನಲ್ಲಿ 2.0 ಅಂತ ಅಪ್‌ಡೇಟ್ ಬಿಟ್ಟಾಗ ಅದೇ ಆಟವನ್ನು ಜನ ಹೊಗಳಿದರು. ನಾನು ಆಡಿದ್ದು ಅದಾದ ಮೇಲೆ, ಸೇಲಿನಲ್ಲಿ, ಅರ್ಧ ಬೆಲೆಗೆ. 2015ರ ವಿಚರ್ 3 ಅನ್ನು ಮೊನ್ನೆ ಮೊನ್ನೆ ಮುಗಿಸಿದೆ. ಅದರ ಬಗ್ಗೆ ಮಾತಾಡಲು ಯಾರೂ ಸಿಗುವುದಿಲ್ಲ ಅನ್ನುವುದೊಂದೇ ಕೊರತೆ. ಹತ್ತು ವರ್ಷದ ಹಿಂದಿನ ಮದುವೆಯ ಊಟ ಹೊಗಳಿದ ಹಾಗೆ ಕೇಳಿಸುತ್ತದೆ.

ಆಸ್ಪತ್ರೆಯಲ್ಲಿ ಮಾತ್ರ ನಾನು ಗೇಮ್ ತೆರೆಯುವುದಿಲ್ಲ. ಯಂತ್ರ ಸರಿಮಾಡಿದ ಮೇಲೆ ಒಂದು ಸರದಿ ಮುಗಿಯುವವರೆಗೆ ಅಲ್ಲೇ ಇರಬೇಕು, ಅಂದರೆ ನಾಲ್ಕು ಗಂಟೆ. ವಾರಕ್ಕೆ ಮೂರು ಸಲ ಬಂದು ಅಷ್ಟೂ ಹೊತ್ತು ಸೂಜಿ ಚುಚ್ಚಿಸಿಕೊಂಡು ಮಲಗುವವರ ಎದುರು ಕತ್ತಿ ಝಳಪಿಸಲು ಕೈ ಬರುವುದಿಲ್ಲ. ಹುಬ್ಬಳ್ಳಿಯಲ್ಲಿ ಒಮ್ಮೆ ಸರ್ವೀಸ್ ರಿಪೋರ್ಟ್ ಬರೆಯಲು ಲ್ಯಾಪ್‌ಟಾಪ್ ತೆರೆದೆ. ಕೀಬೋರ್ಡ್ ಕೆಂಪಗೆ ಹೊತ್ತಿಕೊಂಡಿತು. ಪಕ್ಕದ ಹಾಸಿಗೆಯ ಹುಡುಗ, ಇಪ್ಪತ್ತೋ ಇಪ್ಪತ್ತೆರಡೋ ಇರಬೇಕು, ಕತ್ತು ಹೊರಳಿಸಿ ಕೇಳಿದ: "ಅಣ್ಣಾ, ಯಾವ ಗ್ರಾಫಿಕ್ಸ್ ಕಾರ್ಡ್ ಐತ್ರಿ ಇದ್ರಾಗ?" ನಾನು ಸಿಕ್ಕಿಬಿದ್ದೆ. ಅವನ ಎಡಗೈ ಯಂತ್ರದ ಪಾಲಾಗಿತ್ತು, ಅಲ್ಲಾಡಿಸುವಂತಿಲ್ಲ. ಬಲಗೈಯ ಒಂದೇ ಹೆಬ್ಬೆರಳಿನಲ್ಲಿ ಮೊಬೈಲಿನಲ್ಲಿ ಏನೋ ಬೆಳೆಗೆ ನೀರು ಹಾಕುತ್ತಿದ್ದ. "ದೊಡ್ಡ ಗೇಮ್ ಬಿಡ್ರಿ ಅಣ್ಣಾ, ತಿರುಗಾಡೋರಿಗೆ ಅವು ಆಗಂಗಿಲ್ಲ. ಇದು ನೋಡ್ರಿ, ಅರ್ಧ ಜಿಬಿ. ನೆಟ್ ಬೇಕಾಗಿಲ್ಲ." ಆಟದ ಹೆಸರು ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಅನ್ನುವ ಅಮೆರಿಕದ ಯುವಕ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕೂತು ಚಿತ್ರ, ಸಂಗೀತ, ಲೆಕ್ಕ ಎಲ್ಲ ತಾನೇ ಮಾಡಿ 2016ರಲ್ಲಿ ಹೊರತಂದದ್ದು. ಪಟ್ಟಣದ ಕೆಲಸ ಬಿಟ್ಟವನು ಅಜ್ಜನ ತೋಟಕ್ಕೆ ಬಂದು ಬೇಸಾಯ ಮಾಡುವ ಆಟ.

ಅಜ್ಜನ ತೋಟದಲ್ಲಿ ಬೇಸಾಯ! ನಾನು ಪಟ್ಟಣದ ಕೆಲಸಕ್ಕೆ ಹೋದದ್ದೇ ಅದನ್ನು ತಪ್ಪಿಸಿಕೊಳ್ಳಲು. ಆದರೂ ಹಾಕಿಕೊಂಡೆ. ಆಟದ ಒಂದು ದಿನ ನಮ್ಮ ಹದಿನಾಲ್ಕು ನಿಮಿಷ, ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಕಾಯುವ ಹೊತ್ತಿಗೆ ಎರಡು ಮೂರು ದಿನದ ಕೃಷಿ ಆಗುತ್ತದೆ. ಒಂದೇ ಕಂಡೀಷನ್: ನಮ್ಮ ರೈತ ಮನೆಗೆ ಹೋಗಿ ಮಲಗಿದರೆ ಮಾತ್ರ ಆಟ ಸೇವ್ ಆಗುವುದು. ಬಸ್ಸು ಬಂತು ಅಂತ ಕಂಡಕ್ಟರ್ ಕೂಗುತ್ತಿರುವಾಗ ಹೊಳೆಯ ಹತ್ತಿರ ಮೀನು ಹಿಡಿಯುತ್ತಿರುವವನನ್ನು ಓಡಿಸಿಕೊಂಡು ಹೋಗಿ ಹಾಸಿಗೆ ಸೇರಿಸುವ ಆತಂಕ, ಮಕ್ಕಳಿರುವವರಿಗೆ ಅರ್ಥವಾದೀತು.

ಹೋದ ಸಲ ಊರಿಗೆ ಬಂದಾಗ ರಾತ್ರಿ ಊಟವಾದ ಮೇಲೆ ಆಡುತ್ತಾ ಕೂತಿದ್ದೆ. ಅಪ್ಪ ಬೆನ್ನ ಹಿಂದೆ ಬಂದು ನಿಂತರು.

"ಅದೇನೋ ಗಿಡ?"

"ಕಾಫಿ, ಅಪ್ಪ."

ಅಪ್ಪ ಕನ್ನಡಕ ತಂದು, ಕುರ್ಚಿ ಎಳೆದು ಕೂತರು. ನಲವತ್ತೈದು ವರ್ಷ ಕಾಫಿ ಬೆಳೆದವರು. "ನೆರಳಿಗೆ ಮರ ಎಲ್ಲಿ?"

"ನೆರಳು ಬೇಡವಂತೆ."

"ಎಷ್ಟು ವರ್ಷಕ್ಕೆ ಫಸಲು?"

"ಹತ್ತು ದಿನಕ್ಕೆ. ಆಮೇಲೆ ಎರಡು ದಿನಕ್ಕೊಂದು ಸಲ ಕುಯ್ಯಬಹುದು."

ಮೂರು ನಾಲ್ಕು ವರ್ಷ ಗಿಡ ಸಾಕಿ, ಹೂಮಳೆಗೆ ಆಕಾಶ ನೋಡಿ, ವರ್ಷಕ್ಕೊಂದೇ ಫಸಲು ಕಂಡ ಮನುಷ್ಯ ನನ್ನನ್ನು ನೋಡಿದ ನೋಟ ಬರೆಯಲಾರೆ. ಸ್ವಲ್ಪ ಹೊತ್ತು ಬಿಟ್ಟು ಸಂಸ್ಕರಣೆ ಹೇಗೆ ಅಂದರು. ಐದು ಬೀಜ ಪೀಪಾಯಿಗೆ ಹಾಕಿದರೆ ಒಂದು ಲೋಟ ಕಾಫಿ ಬರುತ್ತದೆ ಅಂದೆ. "ಹುರಿಯಲ್ವಾ?" ಹುರಿಯಲ್ಲ. "ಪಲ್ಪಿಂಗ್?" ಅದೂ ಇಲ್ಲ. ಚಳಿಗಾಲಕ್ಕೆ ಮೊದಲೇ ಗಿಡ ಸತ್ತುಹೋಗುತ್ತದೆ ಅಂದಾಗ ಅಪ್ಪ ಎದ್ದೇಬಿಟ್ಟರು. ನಮ್ಮ ತೋಟದ ಮೇಲಿನ ತುಂಡಿನಲ್ಲಿ ಅಜ್ಜ ನೆಟ್ಟ ಅರೇಬಿಕಾ ಇನ್ನೂ ಕಾಯಿ ಬಿಡುತ್ತಿದೆ.

ಎದ್ದವರು ಬಾಗಿಲಲ್ಲಿ ನಿಂತು ಕೊನೆಯ ಪ್ರಶ್ನೆ ಕೇಳಿದರು. "ಬೀಜ ಎಲ್ಲಿಂದ ತಂದೆ?"

"ಸಂಚಾರಿ ವ್ಯಾಪಾರದವಳು ಒಬ್ಬಳಿದ್ದಾಳೆ. ಹಂದಿ ಕಟ್ಟಿದ ಗಾಡಿ. ಒಂದು ಬೀಜಕ್ಕೆ 2500."

"ಚೀಲಕ್ಕಾ?"

"ಒಂದು ಬೀಜಕ್ಕೆ."

"ನಾವು ಬೆಳೆದು ಮಾರುವಾಗ?"

"15."

ಅಪ್ಪನ ಮುಖ ಮೊದಲ ಸಲ ಅರಳಿತು. ವಾಪಸ್ ಬಂದು ಕುರ್ಚಿಯಲ್ಲಿ ಕೂತರು. "ಹಾಗಾದ್ರೆ ಇದನ್ನ ಮಾಡಿದವನಿಗೆ ಕಾಫಿ ವಿಷಯ ಗೊತ್ತು" ಅಂದರು.

ಆಮೇಲೆ ಹನ್ನೊಂದರವರೆಗೆ ಪಕ್ಕದಲ್ಲಿ ಕೂತು ಎಲ್ಲಿ ಬೇಲಿ ಹಾಕಬೇಕು, ಎಲ್ಲಿ ಗಿಡ ಒತ್ತಾಯಿತು ಅಂತ ಹೇಳಿದರು. ಆ ಗಾಡಿಯವಳು ಯಾವಾಗ ಬರುತ್ತಾಳೆ ಅಂತಲೂ ವಿಚಾರಿಸಿಕೊಂಡರು. ಶುಕ್ರವಾರ ಮತ್ತು ಭಾನುವಾರ ಅಂದೆ. "ನಡುವೆ ಒಂದು ದಿನ ಬಿಡ್ತಾಳಾ? ಹಾಗಿದ್ರೆ ಶನಿವಾರ ಇಲ್ಲಿಗೆ ಬರ್ತಿರಬೇಕು. ನಿಮ್ಮಮ್ಮನ ಕೇಳು, ಐದೂವರೆ ಮೇಲೆ ಹೋದ್ರೆ ಬೀಜ ಕಮ್ಮಿಗೆ ಕೊಡ್ತಾಳೇನೋ."

ಬೆಳಗ್ಗೆ ಆರಕ್ಕೆ ನನ್ನ ಬಸ್ಸಿತ್ತು. ರಾಯಚೂರಿನಲ್ಲಿ ಎರಡು ಯಂತ್ರ ನಿಂತಿದ್ದವು. ಇಟ್ಟಿಗೆಯನ್ನು ಬ್ಯಾಗಿಗೆ ಹಾಕುವ ಮೊದಲು ನಮ್ಮ ರೈತನನ್ನು ಕರೆದುಕೊಂಡು ಹೋಗಿ ಮಲಗಿಸಿದೆ. ಸೇವ್ ಆಯಿತು.