ನಿಮಗೆ ತೋಚಿದ್ದು ಕೊಡಿ

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರ ಮತ್ತು ಬೆಂಗಳೂರಿನ ಜಯನಗರದಂಥ ಬಡಾವಣೆಗಳಲ್ಲಿ ಹೇರಳವಾಗಿ ಕಾಣಸಿಗುವ, ಆದರೂ ಸಮಾಜಶಾಸ್ತ್ರಜ್ಞರ ಕಣ್ಣಿಗೆ ಅಷ್ಟಾಗಿ ಬೀಳದಿರುವ ಒಂದು ವರ್ಗವಿದೆ. ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ, ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯನ್ನು ಕಲಿತು, ಅದನ್ನೇ ಸಣ್ಣ ವ್ಯಾಪಾರ ಮಾಡಿಕೊಳ್ಳಲು ಹೊರಟ ಗೃಹಸ್ಥರ ವರ್ಗವದು. ಮೂವತ್ತೈದು ವರ್ಷ ಬಡ್ಡಿದರ ಹೇಳುವಾಗ ಎಂದೂ ತಡವರಿಸದ, ಎದುರಿಗೆ ಕುಳಿತವನು ಕಣ್ಣೀರಿಟ್ಟರೂ "ಮೊದಲು ಜಾಮೀನುದಾರರನ್ನು ಕರೆದುಕೊಂಡು ಬನ್ನಿ" ಎಂದು ಫೈಲು ಮಡಚಿದ ಈ ವ್ಯಕ್ತಿ, ತನ್ನದೇ ಕೈಯ ಗಜಲಕ್ಷ್ಮಿಯ ಬೆಲೆ ಎಷ್ಟೆಂದು ಯಾರಾದರೂ ಕೇಳಿದೊಡನೆ ಕನ್ನಡಕ ತೆಗೆದು ಒರೆಸತೊಡಗುತ್ತಾನೆ. ಒರೆಸಿ ಮುಗಿದ ಮೇಲೆ ಬರುವ ಮಾತು ಒಂದೇ: "ಅಯ್ಯೋ, ಅದರಲ್ಲೇನಿದೆ ಬಿಡಿ, ನಿಮಗೆ ತೋಚಿದ್ದು ಕೊಡಿ."

ಕೊರತೆಯಿರುವುದು ಕೈಯಲ್ಲಿ ಅಲ್ಲವೆಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಸಫೇದವೆಂಬ ಬಿಳಿಯ ಪುಡಿಗೆ ಮಕ್ಕಿಯೆಂಬ ಹಳದಿ ಅಂಟನ್ನೂ ಗೋಂದನ್ನೂ ಬೆರೆಸಿ ಅರೆದಾಗ ದೊರೆಯುವ ಲೇಪಕ್ಕೆ ಮಕ್ಕಿ ಸಫೇದವೆಂದು ಹೆಸರು. ಆಭರಣ, ಕಿರೀಟ, ಸೀರೆಯಂಚುಗಳ ಮೇಲೆ ಅದನ್ನು ಕುಂಚದ ತುದಿಯಿಂದ ಕೂದಲೆಳೆಯಷ್ಟೇ ಉಬ್ಬುವಂತೆ ಎಳೆದು, ಅದರ ಮೇಲೆ ಚಿನ್ನದ ರೇಕನ್ನು, ಎಂದರೆ ಬಡಿದು ಬಡಿದು ಉಸಿರಿಗೂ ಹಾರುವಷ್ಟು ತೆಳುವಾಗಿಸಿದ ಹಾಳೆಯನ್ನು, ಕೂರಿಸಿ, ತೆಳುಕಾಗದ ಹೊದಿಸಿ ನುಣುಪಾದ ಕಲ್ಲಿನಿಂದ ಉಜ್ಜುವ ಈ ಕೆಲಸವನ್ನು ಈತ ಬಲು ಅಚ್ಚುಕಟ್ಟಾಗಿ ಮಾಡುತ್ತಾನೆ. ರೇಕು ಕೂರಿಸುವ ಹೊತ್ತಿಗೆ ಏಪ್ರಿಲ್ ತಿಂಗಳಾದರೂ ಫ್ಯಾನು ಆರಿರುತ್ತದೆ, ಕಿಟಕಿ ಮುಚ್ಚಿರುತ್ತದೆ, ಊಟದ ಮೇಜಿನ ಸುತ್ತ ಮನೆಮಂದಿ ಉಸಿರು ಬಿಗಿಹಿಡಿದು ಓಡಾಡುತ್ತಾರೆ. ಆಗ ಬಾಗಿಲು ತಳ್ಳಿಕೊಂಡು ಬಂದವನು "ಏನಪ್ಪಾ ಇದು ಸೆಕೆ" ಎನ್ನುತ್ತ ಫ್ಯಾನಿನ ಸ್ವಿಚ್ ಒತ್ತಿದನೆಂದರೆ, ಲಕ್ಷ್ಮಿಯ ಕೊರಳಿಗೆ ಸೇರಬೇಕಾದ ಚಿನ್ನ ಪಕ್ಕದ ಉಪ್ಪಿನಕಾಯಿ ಜಾಡಿಗೆ ಅಂಟಿಕೊಳ್ಳುತ್ತದೆ. ಹಾಗೆ ಸ್ವಿಚ್ ಒತ್ತುವವನು ಬಹುತೇಕ ಷಡ್ಡಕನೇ ಆಗಿರುತ್ತಾನೆ.

ಈತನ ಅಳುಕಿನ ಮೊದಲ ಲಕ್ಷಣವೆಂದರೆ, ಮೆಚ್ಚಿದವರಿಗೆ ದೋಷವನ್ನು ತಾನೇ ತೋರಿಸಿಕೊಡುವುದು. "ಎಡಗೈ ಕಿರುಬೆರಳು ಒಂಚೂರು ದಪ್ಪ ಬಂದಿದೆ, ನೋಡಿ" ಎಂದು ಬೆರಳಿಟ್ಟು ತೋರಿಸುವವರೆಗೆ ಆ ಬೆರಳು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ತೋರಿಸಿದ ಮೇಲೆ ಇಡೀ ಚಿತ್ರದಲ್ಲಿ ಬೇರೇನೂ ಕಾಣುವುದಿಲ್ಲ. ಎರಡನೆಯದು, ಚೆನ್ನಾಗಿ ಬಂದುದೆಲ್ಲವೂ ಗುರುಗಳು ತಿದ್ದಿದ ಭಾಗವೆಂದು ಸಾರುವುದು. ಸಹಿಯ ವಿಷಯ ಇನ್ನೂ ಸೋಜಿಗದ್ದು: ಸಾವಿರಾರು ಡಿಡಿಗಳ ಮೇಲೆ ಧಾರಾಳವಾಗಿ ಸಹಿ ಜಡಿದ ಈ ಕೈ, ಚಿತ್ರದ ಮೂಲೆಯಲ್ಲಿ ಎರಡಕ್ಷರ ಬರೆಯಲು ಒಲ್ಲದೆ, ಹಳೆಯ ಕಲಾವಿದರೂ ಹೆಸರು ಹಾಕುತ್ತಿರಲಿಲ್ಲವೆಂಬ ಸಂಪ್ರದಾಯದ ಮರೆಯಲ್ಲಿ ಅಡಗುತ್ತದೆ.

ಇದರ ಮೇಲೆ "ಇದು ತಂಜಾವೂರು ಪೇಂಟಿಂಗ್ ಅಲ್ಲವಾ?" ಎಂಬ ಪ್ರಶ್ನೆ ಬೇರೆ. 1565ರ ನಂತರ ವಿಜಯನಗರದ ಆಶ್ರಯ ತಪ್ಪಿದ ಚಿತ್ರಕಾರರು ದಕ್ಷಿಣದ ಬೇರೆ ಬೇರೆ ಆಸ್ಥಾನಗಳನ್ನು ಸೇರಿದ ಕಥೆಯೂ, ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಕಲೆಗೆ ಕೊಟ್ಟ ಆಸರೆಯೂ, ತಂಜಾವೂರಿನದು ಗಾಜಿನ ಹರಳು ಕೂರಿಸಿದ ದಪ್ಪ ಉಬ್ಬುಗೆಲಸವಾದರೆ ಮೈಸೂರಿನದು ತೆಳು ಉಬ್ಬಿನ ಸೂಕ್ಷ್ಮ ಕೆಲಸವೆಂಬುದೂ, ಇದಕ್ಕೆ ಭೌಗೋಳಿಕ ಸೂಚಕವೆಂಬ, ಅಂದರೆ ಈ ಹೆಸರು ಈ ಸೀಮೆಯ ಕೆಲಸಕ್ಕೇ ಸಲ್ಲುವುದೆಂಬ ಕಾನೂನಿನ ಮಾನ್ಯತೆ ಇರುವುದೂ ಈತನಿಗೆ ಬಾಯಿಪಾಠ. ಅಷ್ಟಾಗಿಯೂ ಗಿರಾಕಿಯ ಎದುರು ಹೊರಡುವುದು "ಹೂಂ, ಹೆಚ್ಚುಕಮ್ಮಿ ಅದೇ ಥರ" ಎಂಬುದಷ್ಟೇ. "ಅದರಲ್ಲಾದರೆ ಕಲ್ಲಾದರೂ ಇರುತ್ತೆ" ಎಂದು ಗಿರಾಕಿ ಗೊಣಗಿದರೆ, ಬೆಲೆ ಅಲ್ಲಿಯೇ ಐನೂರು ಇಳಿಯುತ್ತದೆ.

ಷಡ್ಡಕನ ಪಾತ್ರವನ್ನು ಕಡೆಗಣಿಸಿದರೆ ಈ ಅಧ್ಯಯನ ಅಪೂರ್ಣವಾದೀತು. ತನ್ನ ಮೇಲಧಿಕಾರಿಯ ಗೃಹಪ್ರವೇಶಕ್ಕೆ ಒಂದು ಗಜಲಕ್ಷ್ಮಿಯನ್ನು ಮಾಡಿಸಿಕೊಂಡು, "ಮನೆಯವರ ಲೆಕ್ಕ" ಎಂದು ಎಂಟು ಸಾವಿರ ಕೈಗಿಟ್ಟು, "ಇದರಿಂದ ನಿಮಗೆ ಪ್ರಚಾರ ಸಿಗುತ್ತೆ ಭಾವ" ಎಂದು ಬೆನ್ನು ತಟ್ಟಿ ಹೋಗುವವನು ಇವನೇ. ಪ್ರಚಾರವೂ ಸಿಗುತ್ತದೆ, ಮೇಲಧಿಕಾರಿಯ ಮನೆಗೆ ಬಂದವರೆಲ್ಲ ಅದೇ ಎಂಟು ಸಾವಿರಕ್ಕೆ ಕೇಳಿಕೊಂಡು ಬರುತ್ತಾರೆ.

ಪ್ರಶಂಸೆಯಿಂದ ಧೈರ್ಯ ಹುಟ್ಟುತ್ತದೆಂದು ಹೇಳುವವರು ಈತನನ್ನು ಗಮನಿಸಿಲ್ಲ; ಪ್ರಶಂಸೆ ಹೆಚ್ಚಿದಷ್ಟೂ ಈತ ಕುಗ್ಗುತ್ತಾನೆ. ಧೈರ್ಯದ ಮೊಳಕೆ ಕಾಣಿಸುವುದು ನಿದ್ದೆ ಬಾರದ ಒಂದು ರಾತ್ರಿ, ಹಳೆಯ ಅಭ್ಯಾಸಬಲದಿಂದ, ಈತ ತನ್ನ ಉದ್ಯಮವನ್ನೇ ಒಂದು ಸಾಲದ ಅರ್ಜಿಯೆಂದು ಭಾವಿಸಿ ಪರಿಶೀಲನೆಗೆ ಕುಳಿತಾಗ. 2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗಿನ ಸಾಲಕ್ಕೆ ಶಿಶುವೆಂದು ಹೆಸರು. ಅರವತ್ತೆರಡರ ತಾನು ಆ ಲೆಕ್ಕದಲ್ಲಿ ಶಿಶುವೆಂಬುದನ್ನು ಅರಗಿಸಿಕೊಂಡು ಈತ ಮುಂದುವರಿಯುತ್ತಾನೆ. ಹಲಗೆ, ಬಣ್ಣ, ರೇಕು, ತೇಗದ ಚೌಕಟ್ಟು, ಗಾಜು ಸೇರಿ 6,200 ರೂಪಾಯಿ. ದಿನಕ್ಕೆ 3 ಗಂಟೆಯಂತೆ 40 ದಿನ, ಒಟ್ಟು 120 ಗಂಟೆ. ಷಡ್ಡಕ ಕೊಟ್ಟದ್ದು 8,000. ಉಳಿದ 1,800ನ್ನು 120ರಿಂದ ಭಾಗಿಸಿದರೆ ಗಂಟೆಗೆ 15 ರೂಪಾಯಿ, ದರ್ಶಿನಿಯ ಕಾಫಿಗೆ ಸಾಕಾದರೆ ಪುಣ್ಯ. ಇಂಥ ಅರ್ಜಿಯನ್ನು ತಾನು ಯಾವ ಕಾಲಕ್ಕೂ ಮಂಜೂರು ಮಾಡುತ್ತಿರಲಿಲ್ಲವೆಂಬ ನಿರ್ಣಯಕ್ಕೆ ಬಂದು, ಅಂಚಿನಲ್ಲಿ "ತಿರಸ್ಕರಿಸಲಾಗಿದೆ" ಎಂದು ಬರೆದು, ಕೆಳಗೆ ಪೂರ್ಣ ಸಹಿ ಹಾಕುತ್ತಾನೆ. ಚಿತ್ರದ ಮೇಲೆ ಬಾರದ ಸಹಿ ಇಲ್ಲಿ ಸಲೀಸಾಗಿ ಬರುತ್ತದೆ.

ಗಂಟೆಗೆ 80 ರೂಪಾಯಿಯಂತೆ ಹಿಡಿದಾಗ ಬೆಲೆ 15,800 ಆಗುತ್ತದೆ. ಹದಿನಾರು ಸಾವಿರ ಅನ್ನಬಹುದಿತ್ತು. ಆದರೆ ಚಿಲ್ಲರೆಯುಳ್ಳ ಅಂಕಿಯಲ್ಲಿರುವ ಗಾಂಭೀರ್ಯ ದುಂಡು ಅಂಕಿಯಲ್ಲಿ ಇರುವುದಿಲ್ಲವೆಂಬುದು ಬ್ಯಾಂಕಿನವರಿಗೆ ಗೊತ್ತಿರುವ ಗುಟ್ಟು. ಆ ಲೆಕ್ಕದ ಹಾಳೆಯನ್ನು ಚಿತ್ರದ ಬೆನ್ನಿಗೆ ಅಂಟಿಸಿದ ಮೇಲೆ, ಬೆಲೆ ಹೇಳುತ್ತಿರುವುದು ತಾನಲ್ಲ, ಹಾಳೆಯೆಂಬ ಸಮಾಧಾನ ಈತನಿಗೆ ದೊರೆಯುತ್ತದೆ.

ಪರೀಕ್ಷೆ ನಡೆಯುವುದು ಜನವರಿಯಲ್ಲಿ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ. ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ, ರಸ್ತೆಯನ್ನೇ ಅಂಗಡಿಬೀದಿಯಾಗಿಸಿ ಕಲಾವಿದರು ನೇರವಾಗಿ ಮಾರುವ ಆ ಒಂದು ದಿನ, ಈತ ಮೊದಲೆರಡು ಗಂಟೆ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡು ಕೂರುತ್ತಾನೆ. ಕೊನೆಗೊಬ್ಬರು ಕೇಳುತ್ತಾರೆ, ಹಾಳೆಯನ್ನು ಓದಿ ಅಂಕಿ ಹೇಳುವುದೂ ಆಗುತ್ತದೆ. ಅಪಾಯವಿರುವುದು ಅದರ ಮುಂದಿನ ಮೌನದಲ್ಲಿ. ಮೂರು ಉಸಿರಿನಷ್ಟು ಆ ಹೊತ್ತಿನಲ್ಲಿಯೇ ಈ ವರ್ಗದವರು ಕೇಳದೆ ರಿಯಾಯಿತಿ ಕೊಟ್ಟು ಕೆಡುತ್ತಾರೆ. ಇದನ್ನು ಚೆನ್ನಾಗಿ ಬಲ್ಲ ಹೆಂಡತಿ, ಅಂಕಿ ಹೊರಬಿದ್ದ ಕ್ಷಣವೇ "ರೀ, ತಗೊಳ್ಳಿ" ಎಂದು ಡಬ್ಬಿಯಿಂದ ಒಂದು ಕೋಡುಬಳೆಯನ್ನು ಕೈಗಿಡುತ್ತಾಳೆ. ಗಟ್ಟಿ ಕೋಡುಬಳೆ, ಅದನ್ನು ಕಡಿದು ಅಗಿಯುವಷ್ಟರಲ್ಲಿ ಗಿರಾಕಿ ಯೋಚಿಸಿ, ಮೊಬೈಲು ತೆಗೆದು, ಹಣ ಎಲ್ಲಿಗೆ ಕಳಿಸಬೇಕೆಂದು ಕೇಳಿರುತ್ತಾನೆ.

ಏಪ್ರಿಲಿನಲ್ಲಿ ಷಡ್ಡಕ ಮತ್ತೆ ಬರುತ್ತಾನೆ, ಈ ಸಲ ಮಗಳ ಮನೆಗೆ ರಾಮ ಪಟ್ಟಾಭಿಷೇಕ ಬೇಕೆಂದು. ಮೇಜಿನ ಮೇಲೆ ರೇಕು ಬಿಚ್ಚಿದೆ. ಅವನ ಕೈ ಸ್ವಿಚ್ಚಿನ ಕಡೆ ಹೋಗುತ್ತದೆ. ಕಲಾವಿದ ತಲೆ ಎತ್ತದೆಯೇ "ಫ್ಯಾನು ಮುಟ್ಟಬೇಡಿ" ಎನ್ನುತ್ತಾನೆ. ಷಡ್ಡಕ ಬೆವರುತ್ತ ಕುಳಿತು ಬೆಲೆ ಕೇಳುತ್ತಾನೆ. "ಮುಖಗಳು ಜಾಸ್ತಿ. ಮೂವತ್ತೊಂದು ಸಾವಿರದ ನಾನೂರು. ಅರ್ಧ ಮುಂಗಡ." "ಭಾವ, ಮನೆಯವರ ಲೆಕ್ಕದಲ್ಲಿ…?" ಉತ್ತರವಿಲ್ಲ, ಅಡುಗೆಮನೆಯ ಕಡೆ ಚಾಚಿದ ಎಡಗೈಯೊಂದು ಕೋಡುಬಳೆಯ ಡಬ್ಬಿಗಾಗಿ ಕಾಯುತ್ತಿದೆ.